ಉಡಿಯ ಉತ್ತತ್ತಿ ಎಲ್ಲಿಯದು

ನನ್ನ ಆಫೀಸು ನಗರದ ಫೋರ್ಟ್ ಭಾಗದ ಒಂದು ಹಳೆಯ ಕಟ್ಟಡದಲ್ಲಿದೆ. ಹೊರದೇಶದಿಂದ ಬರುವ ಒಣಹಣ್ಣು, ಮಸಾಲೆಗಳನ್ನು ಬಂದರಿನಿಂದ ಬಿಡಿಸಿಕೊಡುವ ಕಾಗದಪತ್ರದ ಕೆಲಸ. ಅಪ್ಪ ಇಂಥದೇ ಮಾಲನ್ನು ಮಸ್ಜಿದ್ ಬಂದರಿನ ಗೋದಾಮುಗಳಲ್ಲಿ ಬೆನ್ನ ಮೇಲೆ ಹೊತ್ತವನು. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿತು, ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಔಷಧಿ ಅಂಗಡಿಯಲ್ಲಿ ಕೆಲಸ ಎಂದು ಓಡಾಡಿ ಬಿ.ಕಾಂ. ಮುಗಿಸಿದೆ. ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅವ್ವನಿಗಂತೂ ಮೊದಲೇ ಇಲ್ಲ. ಸಯನ್ನಿನ ನಮ್ಮ ಚಾಳಿನ ಸಾಲುಮನೆಗಳಲ್ಲಿ ಯಾರಿಗೆ ಯಾವ ಕಾಗದ ಬಂದರೂ "ನಮ್ಮಾಕಿ ಓದ್ತಾಳ, ತಾ ಇಲ್ಲೆ" ಎನ್ನುತ್ತಾಳೆ.

ಎರಡು ನೆರೆಯ ದೇಶಗಳು ಹೊಂದಿಕೊಂಡು ಇದ್ದಾಗ ಅದು ಯಾರ ಗಮನಕ್ಕೂ ಬರುವುದಿಲ್ಲ. ಈ ಕಡೆಯಿಂದ ಹತ್ತಿ, ಟೊಮೆಟೊ ಹೋಗುತ್ತಿದ್ದವು. ಆ ಕಡೆಯಿಂದ ಪಂಜಾಬಿನ ಗಡಿ ದಾಟಿ ಉಪವಾಸಕ್ಕೆ ಬಳಸುವ ಸೈಂಧವ ಉಪ್ಪು, ಉತ್ತತ್ತಿ ಬರುತ್ತಿದ್ದವು. ಉತ್ತತ್ತಿ ಅಂದರೆ ಒಣ ಖರ್ಜೂರ. ನಮ್ಮ ವಿಜಯಪುರದ ಕಡೆ ಮುತ್ತೈದೆಗೆ ಉಡಿ ತುಂಬುವಾಗ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಅರಿಷಿಣ ಬೇರಿನ ಜೊತೆ ಐದು ಉತ್ತತ್ತಿ ಬೀಳಲೇಬೇಕು. ಅವು ಬಹುಪಾಲು ಸಿಂಧ್‌ನಲ್ಲಿ ಒಣಗಿದವು. ಅವು ಎಲ್ಲಿಂದ ಬಂದವು ಎಂಬುದು ಹಾಕುವವರಿಗೂ ಹಾಕಿಸಿಕೊಳ್ಳುವವರಿಗೂ ಬೇಕಾಗಿರಲಿಲ್ಲ.

ತಂಗಿಯ ಮದುವೆಯ ಹೊತ್ತಿಗೆ ಎರಡೂ ದೇಶಗಳ ಸಂಬಂಧ ಕೆಟ್ಟು, ಸುಂಕ ವಿಪರೀತ ಏರಿ, ಉತ್ತತ್ತಿ ತುಟ್ಟಿಯಾಗಿತ್ತು. ಅವ್ವ ಐದರ ಜಾಗದಲ್ಲಿ ಒಂದೇ ಹಾಕಿದಳು. ಮುಂದೆ ತಂಗಿಯ ಮೊದಲ ಬಸಿರು ನಾಲ್ಕನೆಯ ತಿಂಗಳಲ್ಲಿ ಹೋಯಿತು. ಡಾಕ್ಟರರು ಕಾರಣ ಹೇಳಿದರು, ನಾನು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವ್ವ ಎಲ್ಲಾ ಕೇಳಿ, "ಉಡಿ ಕಡಿಮಿ ಬಿತ್ತು" ಅಂದಳು.

ಎರಡನೆಯ ಸಲ ಏಳು ತಿಂಗಳು ತುಂಬಿ, ಕುಬಸದ, ಅಂದರೆ ಸೀಮಂತದ, ಶಾಸ್ತ್ರ ಸಯನ್ನಿನಲ್ಲೇ ಎಂದು ನಿಶ್ಚಯವಾದಾಗ ಗಡಿಯ ವ್ಯಾಪಾರ ಪೂರ್ತಿ ನಿಂತಿತ್ತು. ಅವ್ವ ಎಲ್ಲಿಂದಲೋ ಒಂದು ಪೊಟ್ಟಣ ತಂದಳು.

"ಅಂಗಡ್ಯಾಂವ ದುಬೈದು ಅಂದ."

"ಅವ್ವಾ, ದುಬೈದಾಗ ಚೀಲಾ ಬದಲ್ ಮಾಡಿರ್ತಾರ. ಮಾಲ್ ಮಾತ್ರ ಗಡಿ ಆಚಿದ."

"ನಿನಗ್ಯಾರು ಕೇಳಿದ್ರು? ಬೀಗರು ಕೇಳಿದ್ರೂ ದುಬೈದು ಅನ್ನು. ಅಷ್ಟ ಹೇಳಿ ಬಾಯಿ ಮುಚ್ಚು."

ಬೀಗರು ಕೇಳುವುದಕ್ಕೆ ಕಾರಣವಿತ್ತು. ತಂಗಿಯ ಅತ್ತೆ ಬೆಳಗಾವಿ ಕಡೆಯವರು, ಮನೆ ಮಲಾಡಿನಲ್ಲಿ. ಅವರ ಕಿರಿಯ ಮಗ ಸೈನ್ಯದಲ್ಲಿದ್ದಾನೆ, ಆಗ ಗಡಿಯಲ್ಲೇ ಇದ್ದ. ಎರಡು ದೇಶಗಳ ಗದ್ದಲದ ಆ ದಿನಗಳಲ್ಲಿ ಅವನ ಫೋನ್ ಬರುತ್ತಿರಲಿಲ್ಲ. ಆಕೆ ಟಿ.ವಿ. ಮುಂದೆಯೇ ಕೂತು ಉಣ್ಣುವುದನ್ನು ತಂಗಿ ಹೇಳಿದ್ದಳು.

ಕುಬಸದ ದಿನ ತಂಗಿ ಹಸಿರು ಸೀರೆ, ಕೈತುಂಬ ಹಸಿರು ಬಳೆ ಹಾಕಿ ಮಣೆಯ ಮೇಲೆ ಸೆರಗೊಡ್ಡಿ ಕೂತಳು. ಮೊದಲು ಅತ್ತೆ ತುಂಬಬೇಕು. ಆಕೆ ಅಕ್ಕಿ ಹಾಕಿದರು, ಕೊಬ್ಬರಿ ಹಾಕಿದರು. ಉತ್ತತ್ತಿಗೆ ಕೈ ಹೋದದ್ದು ಅಲ್ಲೇ ನಿಂತಿತು.

"ಇವು ಎಲ್ಲೀವು?"

"ದುಬೈದು, ಅಕ್ಕಾರ," ಅಂದಳು ಅವ್ವ, ನನ್ನ ಕಡೆ ನೋಡದೆ.

ಅತ್ತೆ ನೋಡಿದ್ದು ನನ್ನ ಕಡೆ. "ಏನವ್ವಾ, ಸಾಲಿ ಕಲ್ತಾಕಿ ನೀನು. ಇದ ಧಂದೆದಾಗ ಇದ್ದಿ. ಖರೇ ಹೇಳು."

ಚಾಳಿನ ಹೆಂಗಸರೆಲ್ಲ ತಿರುಗಿದರು. ಒಂದು ಸುಳ್ಳು ಹೇಳಿದ್ದರೆ ಶಾಸ್ತ್ರ ಮುಗಿಯುತ್ತಿತ್ತು. ಆದರೆ ಇಷ್ಟು ವರ್ಷ ಆ ಚಾಳಿನಲ್ಲಿ ನಾನು ಓದಿ ಹೇಳಿದ ಕಾಗದವನ್ನು ಯಾರೂ ಎರಡನೆಯವರ ಹತ್ತಿರ ಓದಿಸಿರಲಿಲ್ಲ. ಆ ನಂಬಿಕೆ ನನಗೆ ಪದವಿಗಿಂತ ಕಡಿಮೆಯದಲ್ಲ.

"ದುಬೈ ಮ್ಯಾಲಿಂದ ಬಂದಾವ್ರಿ ಅತ್ತಿ. ಬೆಳದದ್ದು ಆ ಕಡೆ. ಪಕ್ಕಾ ಅಂತ ಹೇಳಾಕ ಬರೂದಿಲ್ಲ, ಆದ್ರ ಹಂಗ ಇರತೈತಿ. ನಿಮ್ಮ ಮದುವಿ ಉಡಿಯಾಗ ಬಿದ್ದವೂ ಬಹುಶಃ ಅಲ್ಲೀವ."

"ಆವಾಗಿಂದು ಆವಾಗ. ಈಗ ನನ್ನ ಮಗಾ ಅಲ್ಲಿ ನಿಂತಾನ. ನಾ ಹೆಂಗ ಹಾಕ್ಲಿ?"

"ನನ್ನ ಮಗಳು ಒಂದು ಕಳಕೊಂಡು ಕುಂತಾಳ," ಅಂದಳು ಅವ್ವ. "ನಾ ಹೆಂಗ ಬಿಡ್ಲಿ?"

ಪಕ್ಕದ ಮನೆಯ ಮರಾಠಿ ಕಾಕೂ ಏನಾಯಿತು ಎಂದು ಮೆಲ್ಲಗೆ ಕೇಳುತ್ತಿದ್ದಳು.

ಆಗ ತಂಗಿ ಬಾಯಿ ಬಿಟ್ಟಳು. "ಸೆರಗು ಹಿಡದು ಹಿಡದು ನನ್ನ ಕೈ ಸೋತು ಹೋದ್ವು. ಅತ್ತಿ, ನಿಮಗ ಮನಸಿಲ್ಲಂದ್ರ ಬಿಡ್ರಿ, ನಾ ಏನೂ ತಿಳ್ಕೊಳ್ಳೂದಿಲ್ಲ. ಅವ್ವಾ, ನಿನಗ ಹಾಕಬೇಕಂದ್ರ ಹಾಕು. ಜಗಳ ಆಮ್ಯಾಲೆ ಮಾಡ್ರಿ, ನನಗ ಹಸಿವ್ಯಾಗೇತಿ."

ಅತ್ತೆ ಉತ್ತತ್ತಿ ಬಿಟ್ಟು ಅಡಿಕೆ, ಅರಿಷಿಣ ಬೇರು ಹಾಕಿ ಮುಗಿಸಿದರು. ಅವ್ವ ಐದೂ ಹಾಕಿದಳು, ಒಂದೊಂದನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿ. ತಂಗಿ ಏಳುವಾಗ ಉಡಿ ಭಾರವಾಗಿ ಜಾರಿತು. ಅತ್ತೆಯೇ ಬಗ್ಗಿ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, "ಸಾವಕಾಶ, ಸಾವಕಾಶ" ಎನ್ನುತ್ತ ದೇವರ ಮುಂದೆ ಕರೆದುಕೊಂಡು ಹೋದರು.

ಅವರು ಮಲಾಡಿಗೆ ಹೊರಟ ಮೇಲೆ ಅವ್ವ ಪಾತ್ರೆ ತಿಕ್ಕುತ್ತ ಕೇಳಿದಳು, "ನಿನಗ ಓದಿಸಿದ್ದು ಇದಕ್ಕೇನ?"

"ಹೌದು," ಅಂದೆ. ಮುಂದೆ ವಾರವಿಡೀ ನನ್ನ ಡಬ್ಬಿಗೆ ಬರೀ ಚಪಾತಿ, ಉಪ್ಪಿನಕಾಯಿ.

ತಂಗಿಗೆ ಹೆಣ್ಣು ಕೂಸು ಹುಟ್ಟಿತು, ಇಬ್ಬರೂ ಆರಾಮಾಗಿದ್ದಾರೆ. ಅವ್ವ ಅದನ್ನು ಉತ್ತತ್ತಿಯ ಲೆಕ್ಕಕ್ಕೆ ಹಾಕಿದ್ದಾಳೆ, ನಾನು ವಾದಕ್ಕೆ ಹೋಗಿಲ್ಲ. ಅತ್ತೆಯೂ ಬದಲಾಗಿಲ್ಲ. ತೊಟ್ಟಿಲ ಶಾಸ್ತ್ರಕ್ಕೆ ಮೊದಲೇ ಫೋನ್ ಮಾಡಿ, "ಉತ್ತತ್ತಿ ಮಾತ್ರ ತರಬ್ಯಾಡ್ರಿ, ಈಗಲೇ ಹೇಳೀನಿ" ಅಂದರು.

ಬಾದಾಮಿ ಒಯ್ಯಿ ಎಂದು ನಾನು ಅವ್ವನಿಗೆ ಹೇಳಿದೆ.

"ಅವು ಎಲ್ಲೀವು?" ಅಂದಳು ಅವ್ವ.

ಈಗ ಯಾವ ಸಾಮಾನು ಬಂದರೂ ಹಾಗೆ ಕೇಳುತ್ತಾಳೆ. ಗೊತ್ತಿದ್ದಷ್ಟನ್ನು ಹೇಳುತ್ತೇನೆ.