ತಕ್ಕಡಿ ಗುರುತಿನ ಅಭ್ಯರ್ಥಿ

ಸಿವಿಲ್ ಜಡ್ಜ್ ನೇಮಕದ ಲಿಖಿತ ಪರೀಕ್ಷೆಯಲ್ಲಿ ನಾನು ಪಾಸಾಗಿ ಸಂದರ್ಶನಕ್ಕೆ ಕರೆ ಬಂದಾಗ, ಅಮ್ಮ ಆ ಸುದ್ದಿಯನ್ನು ಮೊದಲು ಹೇಳಿದ್ದು ತನ್ನ ಅಣ್ಣನಿಗೆ. "ಜಡ್ಜ್ ಸೆಲೆಕ್ಷನ್‌ಗೆ ಕರೆದವ್ರೆ" ಎಂದಳಂತೆ. ಮಾವನ ಕಿವಿಗೆ ಬಿದ್ದದ್ದು 'ಎಲೆಕ್ಷನ್'.

ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ನಾಗಸಂದ್ರದ ಹಿಂದಿರುವ ನಮ್ಮೂರಿನಲ್ಲಿ ಅವನು ಎರಡು ಸಲ ಗ್ರಾಮ ಪಂಚಾಯಿತಿ ಸದಸ್ಯನಾಗಿದ್ದವನು. ಊರು ಮಹಾನಗರ ಪಾಲಿಕೆಗೆ ಸೇರಿದ ಮೇಲೆ ಪಂಚಾಯಿತಿಯೂ ಇಲ್ಲ, ಸದಸ್ಯಗಿರಿಯೂ ಇಲ್ಲ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಶೆಡ್ ಹಾಕಿಸಿ ಲೇತ್ ಕೆಲಸದವರಿಗೆ ಬಾಡಿಗೆಗೆ ಕೊಟ್ಟಿದ್ದ. ದಿನಾ ಬೆಳಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೋಗಬೇಕಾದ ಜಾಗ ಯಾವುದೂ ಇಲ್ಲದೆ, ಬೇಕರಿಯ ಮುಂದೆ ನಿಂತಿರುತ್ತಿದ್ದ. ಅಂಥವನಿಗೆ ಮನೆಯೊಳಗೇ ಒಂದು ಚುನಾವಣೆ ಸಿಕ್ಕರೆ ಬಿಡುತ್ತಾನೆಯೇ?

ನಾನಾಗ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್. ಅವರು ಬಾರದ ದಿನಗಳಲ್ಲಿ ಕೋರ್ಟಿನಲ್ಲಿ ನಿಂತು ಮುಂದಿನ ತಾರೀಖು ಕೇಳುವುದೇ ನನ್ನ ವಕೀಲಿಕೆ. ಹಾಗೆ ಒಂದು ಸಂಜೆ ನಾಲ್ಕು ತಾರೀಖು ಕೇಳಿಕೊಂಡು ಬಂದು ಬಸ್ಸಿಳಿದು ಊರ ಕಡೆ ತಿರುಗಿದರೆ, ಬೇಕರಿಯ ಮೇಲೆ ನಾನೇ ನೇತಾಡುತ್ತಿದ್ದೆ. ದೊಡ್ಡದೊಂದು ಫ್ಲೆಕ್ಸಿನಲ್ಲಿ ಕರಿ ಕೋಟಿನ ನನ್ನ ಫೋಟೊ. ಪಕ್ಕದಲ್ಲಿ ಅದರ ಎರಡರಷ್ಟು ದೊಡ್ಡದಾಗಿ, ಕೈಮುಗಿದ ಮಾವ. 'ಜಡ್ಜ್ ಸ್ಥಾನಕ್ಕೆ ನಮ್ಮೂರ ಮಗಳನ್ನು ಅತ್ಯಧಿಕ ಬಹುಮತದಿಂದ ಗೆಲ್ಲಿಸಿ. ಗುರುತು: ತಕ್ಕಡಿ.'

ಕೆಳಗೇ ನಿಂತಿದ್ದ ಮಾವನ ಬಳಿ ಓಡಿದೆ. ಯಾವುದೇ ರೀತಿಯ ಪ್ರಭಾವ ಬೀರಲು ಯತ್ನಿಸಿದರೆ ಅಭ್ಯರ್ಥಿಯನ್ನು ಅನರ್ಹಗೊಳಿಸಲಾಗುವುದೆಂದು ಅಧಿಸೂಚನೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು.

"ಮಾವ, ಇದೇನು ಮಾಡಿದೀಯ! ಜಡ್ಜ್‌ಗೆ ಎಲೆಕ್ಷನ್ ಇಲ್ಲ!"

"ಅವಿರೋಧವಾ?" ಮಾವನ ಮುಖ ಅರಳಿತು. "ಅಂಗಾದ್ರೆ ಇನ್ನೂ ಒಳ್ಳೇದು ಕಣವ್ವ."

"ಅವಿರೋಧ ಅಲ್ಲ. ಓಟೇ ಇಲ್ಲ. ಹೈಕೋರ್ಟಲ್ಲಿ ದೊಡ್ಡ ಜಡ್ಜ್‌ಗಳು ಪ್ರಶ್ನೆ ಕೇಳ್ತಾರೆ, ನಾನು ಉತ್ತರ ಹೇಳ್ಬೇಕು, ಅಷ್ಟೆ. ಅವರಲ್ಲಿ ಯಾರಾದ್ರೂ ಈ ದಾರೀಲಿ ಬಂದು ಇದನ್ನ ನೋಡಿದ್ರೆ ನನ್ನ ಕತೆ ಮುಗೀತು!"

ಮಾವ ಬೆರಳು ಮಡಚಿ ಲೆಕ್ಕಕ್ಕಿಳಿದ. "ಎಷ್ಟು ಜನ ಜಡ್ಜ್‌ಗಳು?"

"ನಾಕೈದು ಜನ ಇರಬೋದು."

"ಅಷ್ಟೇನಾ? ಮನೆ ಅಡ್ರೆಸ್ ಕೊಡು. ನಾನೇ ಓಗಿ ಕೈಮುಗಿದು ಬತ್ತೀನಿ."

ಅಡ್ರೆಸ್ ನನಗೂ ಗೊತ್ತಿರಲಿಲ್ಲ, ಬದುಕಿಕೊಂಡೆ. ಮಾವನೇ ಏಣಿ ಹಿಡಿದ, ನಾನು ಕೋಟಿನಲ್ಲೇ ಹತ್ತಿ ಹಗ್ಗ ಕೊಯ್ದೆ. ಆದರೆ ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ಸುದ್ದಿ ತಿಳಿದ ಮೂರೇ ದಿನಗಳಲ್ಲಿ ಅವನು ಊರಿನ ಮನೆಮನೆಗೂ ಹೋಗಿ ಮತ ಕೇಳಿಯಾಗಿತ್ತು. ಮರುದಿನ ಭಾನುವಾರ. ನಾನೂ ಮನೆಮನೆಗೆ ಹೋದೆ, ಮತ ಹಾಕಬೇಡಿ ಎಂದು ಕೇಳಿಕೊಳ್ಳಲು. ಅಂಥ ಪ್ರಚಾರ ಮಾಡಿದ ಅಭ್ಯರ್ಥಿ ನಾನೊಬ್ಬಳೇ ಇರಬೇಕು.

ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮ ಮಾವ ಆಕು ಅಂತಾನೆ, ನೀನು ಆಕ್ಬ್ಯಾಡ ಅಂತೀಯ. ಮೊದ್ಲು ಮನೇಲಿ ಮಾತಾಡ್ಕಂಡು ಬನ್ನಿ." ಪಕ್ಕದ ಮನೆಯ ಯಜಮಾನ ದನಿ ತಗ್ಗಿಸಿ, "ಯಾರಾನ ಎದ್ರುಸಿದ್ರಾ ಮಗಾ? ಎದ್ರುಕೋಬ್ಯಾಡ, ನಾವಿದೀವಿ" ಎಂದ. ಇಲ್ಲವೆಂದಷ್ಟೂ ಅವನ ಅನುಮಾನ ಬಲವಾಯಿತು.

ಸಂದರ್ಶನದಲ್ಲಿ ಕಾನೂನಿನ ಪ್ರಶ್ನೆಗಳಿಗೆ ಹೇಗೋ ಉತ್ತರಿಸಿದೆ. ಕೊನೆಗೆ ಒಬ್ಬರು, "ನಿಮ್ಮೂರಿನವರಿಗೆ ನ್ಯಾಯಾಂಗದ ಬಗ್ಗೆ ಆಸಕ್ತಿ ಇದೆಯಾ?" ಎಂದು ಸುಮ್ಮನೆ ಕೇಳಿದರು. ಫ್ಲೆಕ್ಸ್ ನೋಡಿಯೇ ಕೇಳಿದರೆಂದು ನನಗೆ ಖಾತ್ರಿಯಾಯಿತು. "ಸ್ವಲ್ಪ ಜಾಸ್ತಿನೇ ಇದೆ ಸಾರ್" ಎಂದುಬಿಟ್ಟೆ.

ಆ ಸಲ ನಾನು ಆಯ್ಕೆಯಾಗಲಿಲ್ಲ. ಪಟ್ಟಿ ನೋಡಿ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಹೊರಗೆ ನಡುಮನೆಯಲ್ಲಿ ಸಾಂತ್ವನ ಹೇಳಲು ಊರೇ ಸೇರಿತ್ತು.

"ಕೆಳಗಿನ ಬೀದಿಯೋರು ಕೈಕೊಟ್ರು" ಎಂದು ಮಾವ ಸೋಲಿನ ವಿಮರ್ಶೆ ನಡೆಸುತ್ತಿದ್ದ.

"ನಮ್ಮನೇಲಿ ಐದು ಓಟಿದ್ವಪ್ಪ. ನಮ್ಮನ್ನ ಯಾರೂ ಬೂತಿಗೇ ಕರೀಲಿಲ್ಲ" ಎಂದು ಕೆಳಗಿನ ಬೀದಿಯವರು ಪ್ರಮಾಣ ಮಾಡುತ್ತಿದ್ದರು.

ಅಳುತ್ತಿದ್ದವಳಿಗೆ ನಗು ತಡೆಯಲಾಗಲಿಲ್ಲ. ನಾನು ಸರಿಯಾಗಿ ಓದಲಿಲ್ಲ ಎಂದು ಅಲ್ಲಿ ಒಬ್ಬರೂ ಹೇಳಲಿಲ್ಲ. ಸೋತದ್ದು ನಾನೊಬ್ಬಳೇ ಅಲ್ಲ, ಊರಿಗೆ ಊರೇ ಸೋತಿತ್ತು. ಅಷ್ಟು ಹಗುರವಾದ ಸೋಲು ನನಗೆ ಮತ್ತೆಂದೂ ಸಿಕ್ಕಿಲ್ಲ.

ಮುಂದಿನ ಸಲ ಅರ್ಜಿ ಹಾಕಿದ್ದನ್ನು ಅಮ್ಮನಿಗೂ ಹೇಳಲಿಲ್ಲ. ಆಯ್ಕೆಯಾಯಿತು. ತರಬೇತಿ ಮುಗಿಸಿ ದೂರದ ಒಂದು ತಾಲ್ಲೂಕು ಕೋರ್ಟಿಗೆ ಹೋದೆ. ಎರಡು ತಿಂಗಳಾಗಿರಬೇಕು, ಸಾಕ್ಷಿಯ ವಿಚಾರಣೆ ನಡೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಯಾರದೋ ಮೊಬೈಲು ಸುಪ್ರಭಾತ ಹಾಡಿತು. ನೋಡಿದರೆ ಮಾವ, ಹೇಳದೆ ಕೇಳದೆ ಬಂದು ಕೂತಿದ್ದಾನೆ. ಫೋನು ಆರಿಸಲು ಬಾರದೆ ಅದನ್ನು ಅಂಗಿಯೊಳಗೆ ತುರುಕಿಕೊಳ್ಳುತ್ತಿದ್ದಾನೆ. ಅದು ಅಲ್ಲಿಂದಲೂ ಹಾಡುತ್ತಿದೆ. ವಕೀಲರೆಲ್ಲ ನನ್ನ ಮುಖ ನೋಡಿದರು.

"ಯಾರ್ರೀ ಅದು? ಎದ್ದು ಹೊರಗೆ ಹೋಗಿ!" ಎಂದೆ.

ಹುಟ್ಟಿದಾಗಿನಿಂದ ಏಕವಚನದಲ್ಲೇ ಮಾತಾಡಿಸಿದ್ದ ಮಾವನಿಗೆ ಮೊದಲ ಸಲ ಬಹುವಚನ ಹಚ್ಚಿದ್ದೆ. ಅವನು ಹಾಡುತ್ತಿದ್ದ ಎದೆಯನ್ನು ಒತ್ತಿಹಿಡಿದುಕೊಂಡು, ನನಗೆ ಬೆನ್ನು ತೋರಿಸದೆ, ಹಿಂದಹಿಂದಕ್ಕೆ ನಡೆದು ಬಾಗಿಲು ದಾಟಿದ.

ಸಂಜೆ ಕ್ವಾರ್ಟರ್ಸಿಗೆ ಅಳುಕುತ್ತಲೇ ಹೋದೆ. ಮಾವ ಜಗಲಿಯ ಮೇಲೆ ಕೂತು ಅಮ್ಮನಿಗೆ ಫೋನಿನಲ್ಲಿ ಕೂಗಿ ಹೇಳುತ್ತಿದ್ದ: "ಏನ್ ಬೈದ್ಲು ಅಂತೀಯ ನಿನ್ ಮಗ್ಳು! ವಕೀಲ್ರೆಲ್ಲ ಗಪ್‌ಚುಪ್! ನಂಗಂತೂ ಕಾಲು ನಡುಗೋಯ್ತು ಕಣವ್ವ!"