ಬಿ.ಪಿ. ನೋಡುವಾಗ ಮಾತಾಡಬಾರದು

ಮನೆಮನೆಗೆ ಹೋಗಿ ಬಿ.ಪಿ. ನೋಡುವುದು ನನ್ನ ಕೆಲಸ. ಶಿಕಾರಿಪುರದ ಹತ್ತಿರದ ಹಳ್ಳಿಯಲ್ಲಿ ಜಗಲಿ ಮೇಲೆ ಕೂತಿದ್ದ ಒಬ್ಬ ಅಜ್ಜನ ತೋಳಿಗೆ ಪಟ್ಟಿ ಸುತ್ತಿ, "ಈಗ ಮಾತಾಡಬ್ಯಾಡ್ರಿ" ಅಂದೆ.

"ಕುರಿ ಮಾರಿದ ಮ್ಯಾಲೆ ಇನ್ಯಾರ ಕೂಡ ಮಾತಾಡ್ಲಿ ತಾಯಿ" ಅಂದ.

ಬಿ.ಪಿ. ಬಂದಿದೆ, ಇನ್ನು ಆರಾಮಾಗಿರಲಿ ಅಂತ ಮನೆಯವರೇ ಹಿಂಡನ್ನು ಪಕ್ಕದ ಓಣಿಯವರಿಗೆ ಮಾರಿದ್ದರು. ಅಂದಿನಿಂದ ಅಜ್ಜನಿಗೆ ಊಟ, ನಿದ್ದೆ ಎರಡೂ ಬೇಡವಾಗಿ, ಮಾತ್ರೆ ನುಂಗಿದರೂ ಬಿ.ಪಿ. ಇಳಿದಿರಲಿಲ್ಲ. ವಯಸ್ಸಾದವರಲ್ಲಿ ಖಿನ್ನತೆ, ಬಿ.ಪಿ. ಒಂದನ್ನೊಂದು ಏರಿಸಬಹುದು ಅಂತ ನಮ್ಮ ಡಾಕ್ಟರು ಹೇಳುತ್ತಿದ್ದರು.

"ಕುರಿ ಕೂಡ ಹೆಂಗ ಮಾತಾಡ್ತಿದ್ರಿ?" ನಾನೇ ನಿಯಮ ಮುರಿದೆ.

ಅಜ್ಜ ನಾಲಿಗೆ ಮಡಚಿ 'ಟುರ್ರ್' ಅಂತ ಕೂಗಿದ. ಬೀದಿಯಲ್ಲಿ ಮೇಯಲು ಹೊರಟಿದ್ದ ಅದೇ ಹಿಂಡು ಗಕ್ಕನೆ ನಿಂತಿತು. ಹೊಸ ಯಜಮಾನ ಕೋಲು ಬೀಸಿದರೂ ಕೇಳದೆ ಅಷ್ಟೂ ಕುರಿಗಳು ಜಗಲಿಗೆ ನುಗ್ಗಿ ಅಜ್ಜನನ್ನು ಮುತ್ತಿಕೊಂಡವು. ಒಂದೊಂದರ ಕಿವಿ ಹಿಡಿದು ಬೈಯುತ್ತಾ ಅಜ್ಜ ಅಳುತ್ತಿದ್ದ.

ಮಾತ್ರೆ ಬಿಡಿಸಬೇಡಿ, ಮನಸ್ಸಿನ ಸಂಕಟವನ್ನೂ ಡಾಕ್ಟರಿಗೆ ಹೇಳಿ, ದಿನಾ ಸ್ವಲ್ಪ ಹೊತ್ತು ಹಿಂಡಿನ ಜೊತೆ ಕಳಿಸಿ ಅಂತ ಅಜ್ಜನ ಸೊಸೆಗೆ ಹೇಳಿ ಎದ್ದೆ. ಆವತ್ತು ಅಜ್ಜನ ಬಿ.ಪಿ. ಎಷ್ಟಿತ್ತೋ ಗೊತ್ತಾಗಲಿಲ್ಲ, ಪಟ್ಟಿಯ ರಬ್ಬರ್ ಪೈಪನ್ನು ಒಂದು ಮರಿ ಜಗಿದುಹಾಕಿತ್ತು.