ಎರಡು ಪೆಟ್ಟಿಗೆಗಳ ನಡುವಿನ ಮೂರಡಿ

ಅವರ ಪ್ಯಾಂಟಿನ ಎರಡೂ ಮಂಡಿಗಳು ಸದಾ ಸುಣ್ಣ ಮೆತ್ತಿಕೊಂಡು ಬೆಳ್ಳಗಿರುತ್ತಿದ್ದವು. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಬುಡದಲ್ಲಿ ಮಂಡಿಯೂರಿ, ಅಲ್ಲಿಂದ ಬಾಗಿಲು ಎಷ್ಟು ದೂರ, ಕಿಟಕಿ ಎಷ್ಟು ದೂರ ಎಂದು ನೋಡುವುದು ಅವರ ಕ್ರಮ. ಹಲಗೂರಿನ ಬಸ್ ನಿಲ್ದಾಣದ ಹಿಂದೆ ಅವರ ಅಂಗಡಿ. ಟ್ರ್ಯಾಕ್ಟರ್ ಬ್ಯಾಟರಿಗಳ ರಿಪೇರಿಯಿಂದ ಆರಂಭಿಸಿದವರು, ಸೋಲಾರ್ ಕರೆಂಟನ್ನು ಕೂಡಿಡುವ ಬ್ಯಾಟರಿ ಪೆಟ್ಟಿಗೆಗಳನ್ನು ಮನೆಮನೆಗೆ ಅಳವಡಿಸುವವರೆಗೆ ಬಂದಿದ್ದರು. ನಮಗೆಲ್ಲ ಅವರು ‘ಮೇಸ್ತ್ರಿ’.

ಮಳವಳ್ಳಿಯ ನಮ್ಮ ಮನೆಗೆ ಅಂಥ ಎರಡು ಪೆಟ್ಟಿಗೆಗಳನ್ನು ತರಿಸಿದಾಗ, ನಡುಮನೆಯಿಂದ ಬೀದಿ ಬಾಗಿಲಿಗೆ ಹೋಗುವ ಇಕ್ಕಟ್ಟು ದಾರಿಯ ಗೋಡೆಯನ್ನು ನಾನು ಗೊತ್ತುಮಾಡಿದ್ದೆ. ಗೋಡೆ ನೇರವಾಗಿತ್ತು, ಪೆಟ್ಟಿಗೆಗಳು ಒಂದಕ್ಕೊಂದು ತಾಗಿ ಅಚ್ಚುಕಟ್ಟಾಗಿ ಕೂರುತ್ತಿದ್ದವು. ಕೋಲೂರಿ ನಡೆಯುವ ನನ್ನ ತಾಯಿ ಹೊರಬರಬೇಕಾದದ್ದೂ ಅದೇ ದಾರಿಯಲ್ಲಿ.

“ಬೆಂಕಿ ಗಿಂಕಿ ಅತ್ಕಂಡ್ರೆ ಅವ್ವ ಈಚೀಕೆ ಬರೋದು ಎಲ್ಲಿಂದ ಮೇಷ್ಟ್ರೇ?” ಎಂದರು ಮೇಸ್ತ್ರಿ.

“ಗೋಡೆ ನನ್ನದು ತಾನೆ?” ಎಂದೆ.

“ಗೋಡೆ ನಿಮ್ದೇಯ. ಕೆಲ್ಸ ನಂದು. ಇಲ್ಲಿ ಕೂರ್ಸೋರ್ನ ಬೇರೆ ನೋಡ್ಕಳಿ.” ಚೀಲವನ್ನು ಹೆಗಲಿಗೇರಿಸಿ ಹೊರಟೇಹೋದರು.

ಮೂರು ದಿನಗಳ ಬಳಿಕ ನಾನೇ ಹೋಗಿ ಕರೆತಂದೆ. ಹಿತ್ತಿಲ ಕಡೆಯ ಹೊರಗೋಡೆಗೆ, ತಗಡಿನ ನೆರಳಿನಲ್ಲಿ, ಕಿಟಕಿಗಳಿಂದ ದೂರವಾಗಿ, ನಡುವೆ ಮೂರಡಿ ಬಿಟ್ಟು ಕೂರಿಸಿದರು.

ಬಚ್ಚಲೊಲೆಗೆಂದು ತೆಂಗಿನಮಟ್ಟೆ ಕೂಡಿಡುವ ನಮ್ಮ ಕಡೆಯ ಮನೆಗಳಲ್ಲಿ ನೆರಳಿನ ಜಾಗ ಖಾಲಿ ಉಳಿಯುವುದಿಲ್ಲ. ಆ ಮೂರಡಿಯಲ್ಲಿ ನಾನು ಒಣಮಟ್ಟೆಗಳನ್ನು ಸಾಲಾಗಿ ಜೋಡಿಸಿದೆ. ಒಂದು ದಿನ ಹೇಳದೆ ಬಂದ ಮೇಸ್ತ್ರಿ ಅದನ್ನು ಕಂಡು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಒಂದು ಕೆಟ್ರೆ ಇನ್ನೊಂದಕ್ಕೆ ತಾಗ್ದಿರ್ಲಿ ಅಂತ ಜಾಗ ಬುಟ್ಟಿವ್ನಿ. ನೀವು ಮಧ್ಯಕ್ಕೆ ಸೌದೆ ಒಟ್ಟಿದ್ದೀರಲ್ಲ. ಪಾಠ ಮಾಡ್ದೋರ್ಗೆ ಎಷ್ಟ್ ಸತಿ ಹೇಳಾದು?”

“ಇನ್ನೊಂದ್ ಸತಿ ಹೇಳು ಮೇಸ್ತ್ರಿ,” ಒಳಗಿನಿಂದ ತಾಯಿಯ ದನಿ, “ನನ್ ಮಾತ್ನಂತೂ ಕೇಳಕಿಲ್ಲ ಇವ್ನು.”

ಮೇಸ್ತ್ರಿ ನಗಲಿಲ್ಲ. ಮಟ್ಟೆಗಳನ್ನು ತಬ್ಬಿ ಬೇಲಿಯತ್ತ ಸಾಗಿಸತೊಡಗಿದರು. ನಾನೂ ಹೊತ್ತೆ.

ಮರುವರ್ಷ ಬೇಸಿಗೆಯ ಒಂದು ಮಧ್ಯಾಹ್ನ, ನಾನು ಮದ್ದೂರಿಗೆ ಹೋಗಿದ್ದಾಗ, ಒಂದು ಪೆಟ್ಟಿಗೆ ಒಳಗೇ ಕೆಟ್ಟು ಹೊತ್ತಿಕೊಂಡಿತು. ತಾಯಿ ಕೋಲೂರಿಕೊಂಡು ಬೀದಿ ಬಾಗಿಲಿನಿಂದ ಹೊರಬಂದು ಎದುರುಮನೆಯ ಜಗಲಿಯ ಮೇಲೆ ಕುಳಿತರು. ಅಗ್ನಿಶಾಮಕದವರು ನಂದಿಸುವಷ್ಟರಲ್ಲಿ ಆ ಪೆಟ್ಟಿಗೆ ಕರಕಲಾಗಿತ್ತು. ಇನ್ನೊಂದಕ್ಕೆ ಬೆಂಕಿ ತಾಗಿರಲಿಲ್ಲ. ನಾನು ಬಂದಾಗ ಮೇಸ್ತ್ರಿ ಅದಾಗಲೇ ತಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದರು.

“ಉಸ್ರು ಸರ್ಯಾಗಿ ಆಡ್ತದಾ ಅವ್ವಾ?”

“ಆಡ್ತದೆ ಕಣಪ್ಪ. ಮುದ್ದೆ ತಣ್ಣಗಾಯ್ತಾ ಅದೆ, ಒಳೀಕೆ ಬುಟ್ಟಾರಾ ಕೇಳು.”

ಈ ವರ್ಷ ಯುಗಾದಿಗೆ ಮುಂಚೆ ಮೇಸ್ತ್ರಿ ಹೃದಯಾಘಾತದಿಂದ ತೀರಿಕೊಂಡರು. ತಾಯಿ ಹಠ ಹಿಡಿದು ನನ್ನೊಡನೆ ಹಲಗೂರಿಗೆ ಬಂದರು. ಮೇಸ್ತ್ರಿಯ ಹೆಂಡತಿ ಅವರ ಕೈಹಿಡಿದುಕೊಂಡು ಹೇಳಿದರು:

“ಗೋಡೆ ವಿಸ್ಯಕ್ಕೆ ನಿಮ್ಮನೆಯಿಂದ ಎದ್ದು ಬಂದ್ರಲ್ಲ, ಆ ಮೂರು ದಿನ ಬೇರೆ ಕೆಲ್ಸ ಇರ್ನಿಲ್ಲ ಅವ್ವಾ. ‘ಮೇಷ್ಟ್ರು ಹೇಳ್ದಂಗೇ ಮಾಡ್ಬುಡನಾ’ ಅಂತ ಎರಡು ಸತಿ ಚೀಲ ಎತ್ಕಂಡ್ರು. ಎರಡು ಸತೀನೂ ಹೊಸ್ಲತ್ರ ಹೋಗಿ ಇಳ್ಸುಬುಟ್ರು.”

ನೆಲದ ಮೇಲೆ ಕೂರಲಾರದ ನನ್ನ ತಾಯಿ, ಕೋಲನ್ನು ಬದಿಗಿಟ್ಟು, ಆಕೆಯ ಕೈಯನ್ನು ಬಿಡದೆ ಅಲ್ಲೇ ನೆಲದ ಮೇಲೆ ಕುಳಿತರು.